ಗುಂಡಿಯಮ್ಮನ ಹೆಸರಿನ ಟೋಕನ್

ಜನವರಿ 9

ಅಮ್ಮ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ, ಕಾಗದದಲ್ಲಾದರೆ ಸಿಟ್ಟು ಆರಲು ನಾಲ್ಕು ದಿನ ಸಿಗುತ್ತದೆ ಎಂದು ನೀನು ಹೇಳಿ ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನೀನು ತಿಂಗಳು ತಪ್ಪದೆ ಬರೆದೆ, ನಾನು ಮನಸ್ಸು ಬಂದಾಗ ಬರೆದೆ. ಬೈಯಬೇಡ. ಇವತ್ತು ಹೇಳಲು ನಿಜವಾಗಿ ಸುದ್ದಿ ಇದೆ.

ಆಸ್ಪತ್ರೆಯ ಹಳೇ ಫೈಲುಗಳ ಕೋಣೆಯಿಂದ ನನ್ನನ್ನು ಮೇಲಿನ ಮಹಡಿಗೆ ಕರೆಸಿಕೊಂಡಿದ್ದಾರೆ. ಕರೆಸಿಕೊಂಡವರು ದೊಡ್ಡ ಮೇಡಂ, ಹೆಂಗಸರ ಕ್ಯಾನ್ಸರಿನ ಆಪರೇಷನ್ ಮಾಡುವ ಹಿರಿಯ ಸರ್ಜನ್. ಅವರು ಒಂದು ಲೆಕ್ಕದ ಬೆನ್ನು ಹತ್ತಿದ್ದಾರೆ. ಗರ್ಭಕೋಶದಲ್ಲಿ ಕ್ಯಾನ್ಸರ್ ಬಂದರೆ ಗರ್ಭಕೋಶವನ್ನು ತೆಗೆಯಬೇಕು. ಅದಕ್ಕೆ ಎರಡು ದಾರಿ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ತೆಗೆಯುವುದು ಹಳೆಯ ದಾರಿ. ನಾಲ್ಕು ಸಣ್ಣ ರಂಧ್ರ ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಟಿವಿ ಪರದೆ ನೋಡುತ್ತಾ ತೆಗೆಯುವುದು ಹೊಸದು. ಲ್ಯಾಪರೋಸ್ಕೋಪಿ ಅನ್ನುತ್ತಾರೆ. ಹೊಟ್ಟೆ ಕೊಯ್ದವರು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾರೆ, ರಂಧ್ರದವರು ಮೂರನೇ ದಿನಕ್ಕೆ ಮನೆಗೆ ಹೋಗುತ್ತಾರೆ.

ಹಾಗಾದರೆ ಎಲ್ಲರಿಗೂ ರಂಧ್ರದಲ್ಲೇ ಮಾಡಬಹುದಲ್ಲ ಅಂತೀಯ. ಮೇಡಂ ಕೇಳುತ್ತಿರುವುದೂ ಅದನ್ನೇ. ಮೂವತ್ತು ಆಸ್ಪತ್ರೆಗಳಿಂದ ಫೈಲು ತರಿಸಿದ್ದಾರೆ. ಎಷ್ಟು ಸರ್ಜನ್ನರು ಯಾವ ದಾರಿ ಹಿಡಿದಿದ್ದಾರೆ ಅಂತ ನಾನು ಒಂದೊಂದಾಗಿ ತೆಗೆದು ಪಟ್ಟಿ ಮಾಡಬೇಕು. ಒಂದೇ ಕಾಯಿಲೆ, ಒಂದೇ ಹಂತ. ಒಂದು ಊರಿನಲ್ಲಿ ಹತ್ತಕ್ಕೆ ಎಂಟು ಜನಕ್ಕೆ ರಂಧ್ರ, ಇನ್ನೊಂದು ಊರಿನಲ್ಲಿ ಹತ್ತಕ್ಕೆ ಹತ್ತೂ ಜನಕ್ಕೆ ಕತ್ತಿ. ರೋಗಿಯ ಹೊಟ್ಟೆ ನೋಡಿ ತೀರ್ಮಾನವಾಗುವುದಿಲ್ಲ ಅಮ್ಮ, ಡಾಕ್ಟರ ಕೈ ನೋಡಿ ಆಗುತ್ತದೆ. ಅವರು ಯಾವುದನ್ನು ಕಲಿತಿದ್ದಾರೋ ಅದೇ.

ಮೊದಲ ಸಲ ನನ್ನ ಕೆಲಸದಿಂದ ಯಾರಿಗೋ ಉಪಯೋಗವಾಗುತ್ತದೆ ಅನ್ನಿಸುತ್ತಿದೆ. ನೀನು ಹುಷಾರು.

ನಿನ್ನ ಮಗಳು


ಜನವರಿ 27

ಮರಿ,

ಕಾಗದ ಬಂತು. ಎರಡು ಸಲ ಓದಿದೆ. ಮೂರನೇ ಸಲ, ಕಾರ್ಖಾನೆಯಲ್ಲಿ ನನ್ನ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ ಗುಂಡಿಯಮ್ಮನಿಗೆ ಓದಿ ಹೇಳಿದೆ. ಅವಳಿಗೆ ನೀನು ಇನ್ನೂ ಅವಳ ಡಬ್ಬಿಯಿಂದ ಕೆಂಪು ಗುಂಡಿ ಕದ್ದು ಬಾಯಲ್ಲಿಟ್ಟುಕೊಳ್ಳುತ್ತಿದ್ದ ಹುಡುಗಿಯೇ. ‘ನುಂಗಿಬಿಟ್ಟಿದ್ದರೆ ಇವತ್ತು ಲೆಕ್ಕ ಹಾಕೋಕೆ ಯಾರಿರ್ತಿದ್ರು’ ಅಂದಳು.

ಇಲ್ಲಿ ಶಾಲೆ ಬಟ್ಟೆಯ ಕೆಲಸ ಶುರುವಾಗಿದೆ. ಹೊಲಿಯುವವರು ಹನ್ನೊಂದು ಜನ, ಕತ್ತರಿಸುವವಳು ನಾನೊಬ್ಬಳೇ. ಎಂಟು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಮ್ಮೆಗೇ ಕೊಯ್ಯಬೇಕು. ಒಂದು ಗೆರೆ ಜಾರಿದರೆ ಎಂಟು ಮಕ್ಕಳ ಅಂಗಿ ಸೊಟ್ಟ. ಅದಕ್ಕೇ ನಿನ್ನ ಸರ್ಜನ್ನರ ಮಾತು ನನಗೆ ಅರ್ಥವಾಯಿತು. ನಲವತ್ತು ವರ್ಷ ಉದ್ದ ಕತ್ತರಿಯಲ್ಲಿ ಕೊಯ್ದ ಕೈಗೆ ಯಾರಾದರೂ ಹೊಸ ಯಂತ್ರ ತಂದುಕೊಟ್ಟರೆ ನಾನೂ ಅದನ್ನು ಮೂಲೆಗೆ ಇಡುತ್ತೇನೆ.

ಈಗ ಒಂದು ವಿಷಯ. ಗುಂಡಿಯಮ್ಮನಿಗೆ ಮುಟ್ಟು ನಿಂತು ಹತ್ತು ವರ್ಷವಾಗಿದೆ. ನವೆಂಬರಿನಿಂದ ಮತ್ತೆ ರಕ್ತ ಕಾಣಿಸುತ್ತಿದೆ. ನಮ್ಮ ಊರಿನ ಆಸ್ಪತ್ರೆಗೆ ಹೋಗಿ ತೋರಿಸಿದಳು. ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದೇ ಕಾಯಿಲೆ ಅಂತ ಬಂತು. ಡಾಕ್ಟರು ಹೊಟ್ಟೆ ಕೊಯ್ದು ಬೇಗ ತೆಗೆದುಬಿಡೋಣ ಅಂದರು. ಆಮೇಲೆ ಎರಡು ತಿಂಗಳು ಒಂದು ಬಕೆಟ್ ನೀರೂ ಎತ್ತುವ ಹಾಗಿಲ್ಲವಂತೆ. ಅವಳಿಗೆ ಭಾರ ಎತ್ತದೆ ನಡೆಯುವುದಿಲ್ಲ. ನಿನ್ನ ರಂಧ್ರದ ಆಪರೇಷನ್ನಿನಲ್ಲಿ ಎಷ್ಟು ದಿನಕ್ಕೆ ಎತ್ತಬಹುದು? ಕೇಳಿ ಬರೆ. ಅವಳು ಯಾರಿಗೂ ಹೇಳಿಕೊಂಡಿಲ್ಲ, ನೀನೂ ಫೋನು ಗೀನು ಮಾಡಿ ಅವಳನ್ನು ಕೆದಕಬೇಡ.

ಉತ್ತರವನ್ನು ಕಾರ್ಖಾನೆಯ ವಿಳಾಸಕ್ಕೇ ಬರೆ. ಮನೆಗೆ ಬಂದ ಕಾಗದವನ್ನು ನಿನ್ನ ಚಿಕ್ಕಮ್ಮ ನನಗಿಂತ ಮೊದಲೇ ಒಡೆದಿರುತ್ತಾಳೆ.

ಅಮ್ಮ


ಫೆಬ್ರವರಿ 5

ಅಮ್ಮ,

ಗುಂಡಿಯಮ್ಮನಿಗಾ? ಕಾಗದವನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡು ಓದಿದೆ. ಆದರೆ ಒಂದು ನಗುವೂ ಬಂತು. ಅವರ ಮನೆಯಲ್ಲಿ ಎತ್ತುವಂಥ ಭಾರ ಏನಿದೆ? ಗಂಡ ಇಲ್ಲ, ಮಕ್ಕಳಿಲ್ಲ, ಇರುವುದು ಒಂದು ಬೆಕ್ಕು. ಇನ್ನು ಗುಂಡಿಯ ಡಬ್ಬಿ. ಅದನ್ನು ನಾನು ಮೂರನೇ ವಯಸ್ಸಿನಲ್ಲೇ ಎತ್ತುತ್ತಿದ್ದೆ.

ಸರಿ, ತಮಾಷೆ ಸಾಕು. ದಯವಿಟ್ಟು ಅವರಿಗೆ ಹೇಳು, ಅಲ್ಲಿ ಆಪರೇಷನ್ನಿಗೆ ಸಹಿ ಹಾಕಬಾರದು. ನಮ್ಮ ಊರಿನ ಆಸ್ಪತ್ರೆಯ ಫೈಲುಗಳೂ ಈ ಲೆಕ್ಕದಲ್ಲಿ ಬಂದಿವೆ. ಐದು ವರ್ಷದಲ್ಲಿ ಈ ಕಾಯಿಲೆಗೆ ನಲವತ್ತೊಂದು ಆಪರೇಷನ್, ಅದರಲ್ಲಿ ರಂಧ್ರದ್ದು ಸೊನ್ನೆ. ನಲವತ್ತೊಂದು ಹೆಂಗಸರಲ್ಲಿ ಒಬ್ಬರಿಗೂ ಇನ್ನೊಂದು ದಾರಿ ಇದೆ ಅಂತ ಹೇಳಿದ ಗುರುತೂ ಫೈಲಿನಲ್ಲಿಲ್ಲ. ಓದಿದರೆ ಸಿಟ್ಟು ಬರುತ್ತದೆ. ಆ ಪಟ್ಟಿಯಲ್ಲಿ ಗುಂಡಿಯಮ್ಮ ನಲವತ್ತೆರಡನೆಯವರಾಗುವುದು ಬೇಡ.

ಇಲ್ಲಿ ರಂಧ್ರದಲ್ಲಿ ಮಾಡಿಸಿಕೊಂಡವರು ಮೂರು ವಾರಕ್ಕೆ ಮನೆಕೆಲಸ ಮಾಡುತ್ತಾರೆ. ಸರದಿ ಉದ್ದ ಇದೆ, ಏಕೆಂದರೆ ಇದನ್ನು ಚೆನ್ನಾಗಿ ಮಾಡುವ ಕೈ ಎರಡೇ. ನಾನು ಮೇಡಂ ಅವರ ಸಹಾಯಕಿಯ ಹಿಂದೆ ಬಿದ್ದು ಗುಂಡಿಯಮ್ಮನ ಹೆಸರಿಗೆ ಒಂದು ಟೋಕನ್ ತೆಗೆಸಿದ್ದೇನೆ. ಜೂನ್ 18, ಬೆಳಿಗ್ಗೆ ಹತ್ತು ಗಂಟೆ. ಇದರೊಳಗೆ ಇಟ್ಟಿದ್ದೇನೆ. ಕಳೆಯದ ಹಾಗೆ ನೋಡಿಕೊಳ್ಳಲಿ.

ನಿನ್ನ ಮಗಳು


ಫೆಬ್ರವರಿ 20

ಮರಿ,

ಟೋಕನ್ ಸಿಕ್ಕಿತು. ಗುಂಡಿಯಮ್ಮ ಅದನ್ನು ಕತ್ತರಿಯ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.

ಆದರೆ ಅವಳಿಗೊಂದು ಅಳುಕು. ಇಲ್ಲಿನ ಡಾಕ್ಟರಿಗೆ ‘ಸದ್ಯಕ್ಕೆ ಬೇಡ’ ಅಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. ‘ನೋಡಮ್ಮ, ನಂಗೆ ಬರೋದು ಇದೊಂದೇ ವಿದ್ಯೆ. ಅದನ್ನ ಚೆನ್ನಾಗಿ ಮಾಡ್ತೀನಿ. ಬೇರೆ ಕಡೆ ಹೋಗೋದಾದ್ರೆ ಇವತ್ತೇ ಹೋಗು, ಆದ್ರೆ ಕಾಯಬೇಡ’ ಅಂದರಂತೆ. ಒಳ್ಳೆಯ ಮನುಷ್ಯ. ಕೋಪದಲ್ಲಿ ಹೇಳಲಿಲ್ಲ.

ನಾಲ್ಕು ತಿಂಗಳು ಕಾಯಬಹುದಾ ಅಂತ ಇನ್ನೊಂದು ಸಲ ಕೇಳು ಅಂತಾಳೆ. ಪರೀಕ್ಷೆಯ ರಿಪೋರ್ಟಿನಲ್ಲಿ ಏನೇನೋ ಉದ್ದುದ್ದ ಪದಗಳಿವೆ. ಒಂದೊಂದು ಅಕ್ಷರ ನೋಡಿಕೊಂಡು ಬರೆದು ಕಳಿಸಲಾ? ನಿಮ್ಮ ಮೇಡಂಗೆ ತೋರಿಸುತ್ತೀಯಾ?

ನಿನಗೆ ತೊಂದರೆ ಕೊಡುತ್ತಿದ್ದೇನೆ ಅಂತ ಗೊತ್ತು. ಗುಂಡಿಯಮ್ಮನಿಗೆ ಬೇರೆ ಯಾರಿದ್ದಾರೆ ಹೇಳು.

ಅಮ್ಮ


ಮಾರ್ಚ್ 3

ಅಮ್ಮ,

ರಿಪೋರ್ಟು ಬರೆದು ಕಳಿಸುವುದೇನೂ ಬೇಡ, ಬರುವಾಗ ತಂದರೆ ಸಾಕು. ಗರ್ಭಕೋಶದ ಕ್ಯಾನ್ಸರ್ ಹೆಚ್ಚಿನಂಶ ನಿಧಾನದ ಜಾತಿ. ನಾನೇ ನೂರಾರು ಫೈಲು ನೋಡಿದ್ದೇನೆ. ಡಾಕ್ಟರು ಹೆದರಿಸುವುದು ಇದ್ದದ್ದೇ. ತಮಗೆ ಬಾರದ ವಿದ್ಯೆಯನ್ನು ಯಾರು ತಾನೇ ಹೊಗಳುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಜೂನ್ ಬಂದೇ ಬಿಡುತ್ತದೆ. ಧೈರ್ಯವಾಗಿರಲು ಹೇಳು. ಆ ದಿನ ಕೌಂಟರಿನಲ್ಲಿ ನಾನೇ ಇರುತ್ತೇನೆ, ನಾನೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತೇನೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ನಿನ್ನ ಮಗಳು


ಮೇ 11

ಮರಿ,

ಬಹಳ ದಿನವಾಯಿತು ಬರೆದು. ಕೆಲಸದ ಭರಾಟೆ. ಇನ್ನೂ ನೀಲಿ ಬಟ್ಟೆಯ ಎಂಟು ಥಾನು ಹಾಗೇ ಇದೆ. ನಿಂತೇ ಕತ್ತರಿಸುತ್ತಿದ್ದವಳು ಈಗ ಸ್ಟೂಲು ಹಾಕಿಕೊಂಡಿದ್ದೇನೆ. ಎಲ್ಲರೂ ‘ಮಹಾರಾಣಿ ಸಿಂಹಾಸನ ಏರಿದಳು’ ಅಂತ ಆಡಿಕೊಳ್ಳುತ್ತಾರೆ.

ಗುಂಡಿಯಮ್ಮನಿಗೆ ಈಗ ಸ್ವಲ್ಪ ಸೊಂಟ ನೋವು. ಊಟ ಸೇರುವುದಿಲ್ಲ. ಬಿಸಿಲಿಗೆ ಇರಬೇಕು. ಜೂನ್ 18ಕ್ಕೆ ಇನ್ನು ಐದು ವಾರ, ಬೆರಳಿನಲ್ಲಿ ಎಣಿಸುತ್ತಿದ್ದಾಳೆ.

ಒಂದು ಕೇಳಬೇಕಿತ್ತು. ರಂಧ್ರದಲ್ಲಿ ಮಾಡಿದ ಮೇಲೆ ಮೂರು ವಾರಕ್ಕೆ ಮನೆಕೆಲಸ ಅಂದೆಯಲ್ಲ. ಮನೆಕೆಲಸ ಅಂದರೆ ಪಾತ್ರೆ, ಬಟ್ಟೆ ಅಷ್ಟೇನಾ, ಇಲ್ಲ ನಲವತ್ತೈದು ಕಿಲೋದಷ್ಟು ಎತ್ತಬಹುದಾ?

ಅಮ್ಮ


ಜೂನ್ 20

ಅಮ್ಮ,

ಸಿಟ್ಟು ಆರುವ ತನಕ ಕಾಯದೆ ಬರೆಯುತ್ತಿದ್ದೇನೆ. ಮೊನ್ನೆ ಗುಂಡಿಯಮ್ಮ ಬರಲಿಲ್ಲ. ಹತ್ತು ಗಂಟೆಗೆ ಕೂಗಿದೆ, ಹತ್ತೂವರೆಗೆ ಕೂಗಿದೆ, ಹನ್ನೊಂದಕ್ಕೆ ಕೂಗಿದೆ. ಆಮೇಲೆ ಟೋಕನ್ ಮುಂದಿನವರಿಗೆ ಹೋಯಿತು. ಆ ಸಹಾಯಕಿ ನನ್ನ ಮುಖ ನೋಡಿ, ‘ಅಷ್ಟು ಕಾಡಿ ಬೇಡಿ ತಗೊಂಡಿದ್ರಲ್ಲ, ಎಲ್ಲಿ ನಿಮ್ಮವರು?’ ಅಂದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಅವರಿಗೆ ಬೇಡವಾಗಿದ್ದರೆ ಮೊದಲೇ ಹೇಳಬಹುದಿತ್ತು. ಇನ್ನು ಅಕ್ಟೋಬರಿನ ತನಕ ಸರದಿ ಇಲ್ಲ.

ನಲವತ್ತೈದು ಕಿಲೋ ಯಾರೂ ಎತ್ತಬಾರದು, ಯಾವ ಆಪರೇಷನ್ ಆದರೂ. ಅದೇನು ಬೆಕ್ಕು ಸಾಕಿದ್ದಾರೋ!

ಮಗಳು


ಜುಲೈ 2

ಮರಿ,

ತಪ್ಪಾಯಿತು. ಗುಂಡಿಯಮ್ಮನ ಪರವಾಗಿ ನಾನು ಕೇಳಿಕೊಳ್ಳುತ್ತೇನೆ. ಅವಳಿಗೆ ಬಸ್ಸು ತಪ್ಪಿತಂತೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಎಲ್ಲರೆದುರು ನಿನಗೆ ಅವಮಾನವಾಯಿತಲ್ಲ ಅಂತ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ.

ನೀನು ತುಂಬಾ ಸೊರಗಿದ್ದೀಯ. ಹೊತ್ತಿಗೆ ಸರಿಯಾಗಿ ಉಣ್ಣು. ಹಸಿರು ಚೌಕಟ್ಟಿನ ಕನ್ನಡಕ ನಿನ್ನ ಮುಖಕ್ಕೆ ಚೆನ್ನಾಗಿ ಒಪ್ಪುತ್ತದೆ, ಹಾಕಿಕೊಂಡೇ ಇರು, ತಲೆಯ ಮೇಲೆ ಏರಿಸಿಕೊಂಡು ಓಡಾಡಬೇಡ.

ಅಮ್ಮ


ಜುಲೈ 8

ಅಮ್ಮ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಹೊರಟು ಬಂದು ನಿನ್ನ ಕೈಗೆ ಕೊಡುತ್ತೇನೆ. ಎದುರು ನಿಂತರೆ ನನಗೆ ಮಾತು ಬರುವುದಿಲ್ಲ, ಬಂದರೂ ಕೆಟ್ಟ ಮಾತು ಬರುತ್ತದೆ.

ಈ ಕನ್ನಡಕ ಮಾಡಿಸಿ ಎರಡು ತಿಂಗಳಾಗಿದೆ. ನಿನಗೆ ನಾನು ಬರೆದಿಲ್ಲ. ಫೋಟೋ ಕಳಿಸಿಲ್ಲ. ನಿನ್ನ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡವಳು, ಮಧ್ಯಾಹ್ನದ ಹೊತ್ತಿಗೆ ಮತ್ತೆ ತೆಗೆದು ಓದಿದೆ. ಆಮೇಲೆ ಕಾರ್ಖಾನೆಗೆ ಫೋನು ಮಾಡಿದೆ. ಎತ್ತಿದವರು ಗುಂಡಿಯಮ್ಮ.

‘ಯಾಕೆ ಬರಲಿಲ್ಲ ನೀವು?’ ಅಂದೆ. ‘ಎಲ್ಲಿಗೆ?’ ಅಂದರು. ‘ಆಸ್ಪತ್ರೆಗೆ’ ಅಂದೆ. ‘ನನಗೇನಾಗಿದೆ ಧಾಡಿ, ಕಲ್ಲುಗುಂಡಿನ ಹಾಗಿದೀನಿ. ಆ ದಿನ ನಿಮ್ಮಮ್ಮ ಊರಿಗೆ ಹೋಗ್ತೀನಿ ಅಂದಳು ಅಂತ ರಜ ಹಾಕಿ ನಿಮ್ಮ ಚಿಕ್ಕಮ್ಮನ್ನ ನೋಡ್ಕೊಂಡೆ. ಎತ್ತೋಕೆ ಹೋಗಿ ನನ್ನ ಸೊಂಟ ಹಿಡ್ಕೊಂಡು ಇವತ್ತಿಗೂ ಬಿಟ್ಟಿಲ್ಲ’ ಅಂದರು.

ಅಮ್ಮ, ಚಿಕ್ಕಮ್ಮ ಎಷ್ಟು ತೂಕ? ನಲವತ್ತೈದು ಕಿಲೋ ಇರಬಹುದಲ್ಲವಾ?

ಫೋನು ನಿನಗೆ ಕೊಡಿ ಅಂದೆ. ನೀನು ತೆಗೆದುಕೊಳ್ಳಲಿಲ್ಲ. ದೂರದಿಂದ ನಿನ್ನ ಕತ್ತರಿಯ ಸದ್ದು ಮಾತ್ರ ಕೇಳಿಸಿತು. ನಾಳೆ ಬರುತ್ತೇನೆ. ಹೊರಡಲು ಬಟ್ಟೆ ಜೋಡಿಸಿಕೊಂಡಿರು. ರಿಪೋರ್ಟು ಎಲ್ಲಿದೆ ನೋಡಿ ಇಟ್ಟುಕೊಂಡಿರು.

ಮಗಳು


ಜುಲೈ 24
ಮೂರನೇ ಮಹಡಿ, ಕಿಟಕಿಯ ಪಕ್ಕದ ಮಂಚ

ಮರಿ,

ನೀನು ಎರಡನೇ ಮಹಡಿಯಲ್ಲಿ ಫೈಲು ನೋಡುತ್ತಿದ್ದೀಯ, ನಾನು ಮೇಲೆ ಮಲಗಿ ನಿನಗೇ ಕಾಗದ ಬರೆಯುತ್ತಿದ್ದೇನೆ. ನರ್ಸಮ್ಮ ನೋಡಿ, ‘ಮಗಳು ಒಂದು ಮಹಡಿ ಇಳಿದರೆ ಸಿಗ್ತಾಳಲ್ಲ’ ಅಂತ ನಕ್ಕಳು. ಹದಿನೈದು ದಿನದಿಂದ ನಾವಿಬ್ಬರೂ ಜೊತೆಯಲ್ಲಿದ್ದೇವೆ. ಔಷಧಿ, ಸ್ಕ್ಯಾನು, ಊಟ, ಇಷ್ಟೇ ಮಾತಾಡಿದ್ದೇವೆ. ನಾಳೆ ಆಪರೇಷನ್. ಅದಕ್ಕೆ ಮೊದಲು ನಿನಗೆ ಹೇಳಬೇಕು.

ಜೂನ್ 18ಕ್ಕೆ ನಾನು ಬಂದಿದ್ದೆ. ಒಂಬತ್ತು ಗಂಟೆಗೇ ಬಂದು ಕಂಬದ ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ನಿನ್ನ ಕೈ ಹಿಡಿದು ‘ನಾನೇ ಕಣೇ ಅದು’ ಅಂತ ಹೇಳಬೇಕು ಅಂತ ಬಸ್ಸಿನಲ್ಲಿ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನೀನು ಬಂದೆ. ಎರಡು ವರ್ಷವಾಗಿತ್ತು ನೋಡಿ. ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ಗುಂಡಿಯಮ್ಮನ ಹೆಸರು ಕೂಗಿದೆ. ಎಷ್ಟು ಪ್ರೀತಿಯಿಂದ ಕೂಗಿದೆ! ನನಗೆ ಏಳಲು ಆಗಲಿಲ್ಲ.

ಎದ್ದು ನಿಂತಿದ್ದರೆ ನೀನು ಮೊದಲು ಕೇಳುತ್ತಿದ್ದ ಮಾತು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಕೇಳಿದ್ದೇ. ‘ಚಿಕ್ಕಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸು, ಇಲ್ಲಾಂದ್ರೆ ಅವಳನ್ನ ಎತ್ತಿ ಎತ್ತಿ ನೀನೇ ಒಂದು ದಿನ ಬಿದ್ದುಹೋಗ್ತೀಯ. ನಿನಗೆ ನಾನು ಬೇಕೋ ಅವಳು ಬೇಕೋ’ ಅಂದೆ. ನಾನು ಒಲೆಯ ಕಡೆ ತಿರುಗಿ ಅವಳ ಗಂಜಿಗೆ ನೀರಿಟ್ಟೆ. ನೀನು ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಈಗ ನಾನೇ ಕಾಯಿಲೆ ಹೊತ್ತುಕೊಂಡು ಬಂದು ನಿನ್ನ ಮುಂದೆ ನಿಂತರೆ, ನೀನು ಹೇಳಿದ್ದೇ ಸರಿ ಅಂತಾಗುತ್ತಿತ್ತು. ನಿನ್ನ ಬಾಯಿಂದ ಮತ್ತೆ ಆ ಮಾತು ಬಂದರೆ ಈ ಸಲ ನಾನು ‘ಆಯಿತು’ ಅಂದುಬಿಡುತ್ತೇನೋ ಅಂತ ಹೆದರಿಕೆಯಾಯಿತು. ಅವಳನ್ನು ನಾನು ಹೇಗೆ ಬಿಡಲಿ? ಮೆಟ್ಟಿಲಿನಿಂದ ಬಿದ್ದು ಅವಳ ಕಾಲು ಹೋದ ದಿನ ಆ ಮೆಟ್ಟಿಲು ಒರೆಸಿ ಒದ್ದೆ ಬಿಟ್ಟವಳು ನಾನು. ಇದನ್ನು ನಿನಗೆ ಇವತ್ತಿನವರೆಗೆ ಹೇಳಿರಲಿಲ್ಲ. ಅವಳಿಗೆ ಗೊತ್ತು. ಹದಿನೈದು ವರ್ಷದಲ್ಲಿ ಒಂದು ದಿನ ಬಾಯಿ ಬಿಟ್ಟು ಆಡಿಲ್ಲ.

ಮೂರನೇ ಸಲ ಕೂಗುವಾಗ ನಿನ್ನ ದನಿ ಸಣ್ಣದಾಯಿತು. ಎದ್ದು ಹಿಂದಿನ ಬಾಗಿಲಿನಿಂದ ಹೊರಟೆ. ಬಸ್ಸಿನಲ್ಲಿ ಅತ್ತೆ.

ನಿಮ್ಮ ಮೇಡಂ ನಿನ್ನೆ ಮಂಚದ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದರು. ಗರ್ಭಕೋಶ ದಾಟಿ ಹೊರಗೆ ಹರಡಿದೆ, ರಂಧ್ರದಲ್ಲಿ ಆಗುವುದಿಲ್ಲ, ಉದ್ದಕ್ಕೆ ಕೊಯ್ಯಬೇಕು, ಕೊಯ್ದರೂ ಎಲ್ಲ ಸಿಗುವುದು ಅನುಮಾನ ಅಂದರು. ನಾನು ‘ಕೊಯ್ಯಿರಿ, ಕೊಯ್ದೇ ಬದುಕಿದವಳು ನಾನು’ ಅಂದೆ. ಅವರು ನಕ್ಕರು. ನೀನು ಗೋಡೆಯ ಕಡೆ ತಿರುಗಿ ನಿಂತಿದ್ದೆ.

ನೀನು ಕಾಯಲು ಹೇಳಿದ್ದು ಗುಂಡಿಯಮ್ಮನಿಗೆ. ನನಗಲ್ಲ. ಇದನ್ನು ನೆನಪಿಟ್ಟುಕೋ. ಸುಳ್ಳು ಹೇಳಿದವಳು ನಾನು.

ಅಮ್ಮ


ಆಗಸ್ಟ್ 30

ಮಗಳೇ,

ನಿನ್ನ ಚಿಕ್ಕಮ್ಮ ಬರೆಯುತ್ತಿದ್ದೇನೆ. ಕಾಲಿಲ್ಲದವಳಿಗೆ ನಾಲಗೆ ಉದ್ದ ಅಂತ ನಿಮ್ಮಮ್ಮ ಬೈಯುತ್ತಿದ್ದಳು. ಆದರೆ ನಿನಗೆ ಎರಡು ಸಾಲು ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ವಿಳಾಸ ಬದಲಾಗಿರುವುದನ್ನು ನೋಡು. ನಾನು ಆರೈಕೆ ಕೇಂದ್ರಕ್ಕೆ ಸೇರಿಕೊಂಡೆ. ಯಾರೂ ಕಳಿಸಲಿಲ್ಲ. ಗುಂಡಿಯಮ್ಮನ ಕೈಲಿ ಫೋನು ಮಾಡಿಸಿದೆ, ಕೇಂದ್ರದವರೇ ಗಾಡಿ ತಂದು ಕರೆದುಕೊಂಡು ಬಂದರು. ಅಕ್ಕ ಮನೆಗೆ ಬಂದಾಗ ಅಲ್ಲಿ ಎತ್ತಲು ಏನೂ ಇರಬಾರದು. ನಾನಿದ್ದರೆ ಅವಳು ಸುಮ್ಮನಿರುವುದಿಲ್ಲ, ಹೊಲಿಗೆ ಬಿಚ್ಚಿಕೊಂಡಾದರೂ ಎತ್ತುತ್ತಾಳೆ.

ಅವತ್ತು ನೀವಿಬ್ಬರೂ ಜಗಳವಾಡಿದ್ದು ನನಗೆ ಕೇಳಿಸಿತ್ತು. ಎರಡು ಕೋಣೆಯ ಮನೆ, ಮಧ್ಯೆ ಒಂದು ಪರದೆ. ಕಾಲು ಹೋಗಿದೆ, ಕಿವಿ ಗಟ್ಟಿಯಾಗಿದೆ. ನೀನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವತ್ತೇ ನಾನು ಪರದೆಯ ಆಚೆಯಿಂದ ‘ಹೌದು, ನನ್ನ ಕಳಿಸಿ’ ಅನ್ನಬೇಕಿತ್ತು.

ನಾನು ಇಲ್ಲಿದ್ದೇನೆ ಅಂತ ಅಕ್ಕನಿಗೆ ಹೇಳಬೇಡ. ಗುಂಡಿಯಮ್ಮ ನೋಡಿಕೊಳ್ಳುತ್ತಿದ್ದಾಳೆ ಅನ್ನು. ಅವಳು ಗುಂಡಿಯಮ್ಮನ ಹೆಸರಿನಲ್ಲಿ ಅಷ್ಟು ಸುಳ್ಳು ಹೇಳಿಲ್ಲವಾ, ನಾವೂ ಒಂದು ಹೇಳೋಣ.

ಚಿಕ್ಕಮ್ಮ


ಡಿಸೆಂಬರ್ 19

ಚಿಕ್ಕಮ್ಮ,

ಅಮ್ಮ ಹೋಗಿ ಹನ್ನೆರಡು ದಿನವಾಯಿತು. ಕಳಿಸಿಕೊಟ್ಟ ದಿನ ನೀನು ಗಾಲಿಕುರ್ಚಿಯಲ್ಲಿ ಬಂದಿದ್ದೆ. ನಾನು ನಿನ್ನ ಹತ್ತಿರ ಬರಲಿಲ್ಲ. ಬರಬಾರದು ಅಂತಲ್ಲ. ಧೈರ್ಯ ಬರಲಿಲ್ಲ.

ಆಪರೇಷನ್ ಆದ ಮೇಲೆ ಅವಳು ಊರಿಗೆ ಮರಳಲೇ ಇಲ್ಲವಲ್ಲ, ಕೊನೆಯ ವಾರದಲ್ಲಿ ಆಸ್ಪತ್ರೆಯ ಮಂಚದಿಂದಲೇ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು, ಬೆಳಿಗ್ಗೆ ಎಂಟಕ್ಕೆ, ಹನ್ನೊಂದಕ್ಕೆ, ಮೂರಕ್ಕೆ, ಸಂಜೆ ಏಳಕ್ಕೆ. ‘ಅವಳನ್ನ ಎತ್ತಿ ಕೂರಿಸಿದ್ರಾ?’ ಗಡಿಯಾರ ನೋಡದೆ ಕೇಳುತ್ತಿದ್ದಳು, ಹೊತ್ತು ಒಂದು ನಿಮಿಷ ತಪ್ಪುತ್ತಿರಲಿಲ್ಲ. ‘ಗುಂಡಿಯಮ್ಮ ಎತ್ತಿದ್ರಂತೆ’ ಅನ್ನುತ್ತಿದ್ದೆ. ‘ಕಂಕುಳಲ್ಲಿ ಕೈ ಹಾಕಬಾರದು, ಬೆನ್ನ ಹಿಂದೆ ಹಾಕಬೇಕು ಅಂತ ಹೇಳು’ ಅನ್ನುತ್ತಿದ್ದಳು.

ನಿನಗೆ ಒಂದು ವಿಷಯ ಹೇಳಬೇಕು. ಬೇರೆ ಯಾರಿಗೂ ಹೇಳಿಲ್ಲ. ಜುಲೈನಲ್ಲಿ ಅಮ್ಮನ ಹಳೆಯ ರಿಪೋರ್ಟನ್ನು ಮೇಡಂ ಕೈಗೆ ಕೊಟ್ಟಾಗ ಅವರು ಎರಡನೇ ಸಾಲಿನಲ್ಲೇ ನಿಂತರು. ಬೇಗ ಹರಡುವ ಜಾತಿ ಅಂತ ಜನವರಿಯಲ್ಲೇ ಅಲ್ಲಿ ಬರೆದಿತ್ತು. ‘ಇಂಥದ್ದಕ್ಕೆ ಯಾರೂ ಕಾಯಬಾರದು. ರಂಧ್ರಕ್ಕಾಗಲಿ, ನನಗಾಗಲಿ. ಆ ಊರಿನ ಡಾಕ್ಟರು ಫೆಬ್ರವರಿಯಲ್ಲಿ ಹೊಟ್ಟೆ ಕೊಯ್ದಿದ್ದರೆ ಬಹುಶಃ ಬದುಕುತ್ತಿದ್ದರು. ಕಾಯಿರಿ ಅಂತ ಹೇಳಿದವರು ಯಾರು?’ ಅಂದರು. ನಾನು ರಿಪೋರ್ಟು ವಾಪಸು ತೆಗೆದುಕೊಂಡು ಮಡಿಸಿದೆ. ಅವರು ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ.

ಅಮ್ಮ ಆ ರಿಪೋರ್ಟನ್ನು ಅಕ್ಷರ ಅಕ್ಷರ ನೋಡಿ ಬರೆದು ಕಳಿಸಲಾ ಅಂತ ಕೇಳಿದ್ದಳು ಚಿಕ್ಕಮ್ಮ. ನಾನು ಬೇಡ ಅಂದೆ. ಮೇಡಂ ಅವರನ್ನು ಒಂದು ಮಾತು ಕೇಳಲೂ ಇಲ್ಲ. ಅವರ ಕೋಣೆ ನನ್ನ ಮೇಜಿನಿಂದ ಆರು ಹೆಜ್ಜೆ. ನೂರಾರು ಫೈಲು ನೋಡಿದ್ದೇನೆ ಅಂತ ಜಂಬದಿಂದ ಬರೆದೆ. ಆ ಡಾಕ್ಟರನ್ನು ಆಡಿಕೊಂಡೆ. ಗುಂಡಿಯಮ್ಮನೇ ಆಗಿದ್ದರೂ, ನನ್ನ ಮಾತು ಕೇಳಿದ್ದರೆ ಗುಂಡಿಯಮ್ಮನೇ ಸಾಯುತ್ತಿದ್ದರು. ಅಮ್ಮ ಸುಳ್ಳು ಹೇಳಿದವಳು ನಾನು ಅಂತ ಬರೆದು ನನ್ನನ್ನು ಬಿಡಿಸಲು ನೋಡಿದಳು. ಅದು ಬಿಡುವಂಥದ್ದಲ್ಲ.

ಲೆಕ್ಕ ಮುಗಿಯುತ್ತಾ ಬಂದಿದೆ. ನಮ್ಮ ಆಸ್ಪತ್ರೆಯ ಈ ವರ್ಷದ ಫೈಲುಗಳಲ್ಲಿ ಅಮ್ಮನದೂ ಬಂತು. ಬೇರೆಯವರಿಗೆ ಕೊಡುತ್ತೇನೆ ಅಂದರು ಮೇಡಂ. ಬೇಡ, ನಾನೇ ತುಂಬುತ್ತೇನೆ ಅಂದೆ. ಕೊನೆಯಲ್ಲಿ ಒಂದು ಜಾಗವಿದೆ, ರಂಧ್ರದಲ್ಲಿ ಮಾಡದಿದ್ದರೆ ಕಾರಣವೇನು ಅಂತ. ‘ಕಾಯಿಲೆ ಹರಡಿತ್ತು’ ಅಂತ ಬರೆದೆ. ಬರೆದದ್ದು ಸರಿ. ಆದರೆ ಅದು ಹರಡಲು ಕಾರಣವೇನು ಅಂತ ಕೇಳುವ ಜಾಗ ಆ ಕಾಗದದಲ್ಲಿ ಎಲ್ಲೂ ಇಲ್ಲ.

ನಾನು ಒಂದು ತಿಂಗಳ ರಜೆ ಹಾಕಿದ್ದೇನೆ. ವಾರ್ಡಿನ ಆಯಾ ಹತ್ತಿರ ಮನುಷ್ಯರನ್ನು ಎತ್ತುವುದನ್ನು ಕಲಿತಿದ್ದೇನೆ. ನಿನ್ನನ್ನು ಮನೆಗೆ ವಾಪಸು ಕರೆದುಕೊಂಡು ಹೋಗುತ್ತೇನೆ. ರಜೆ ಮುಗಿದ ಮೇಲೆ ಅಲ್ಲೇ ಏನಾದರೂ ಕೆಲಸ ನೋಡಿಕೊಳ್ಳುತ್ತೇನೆ. ಬರುವ ಶನಿವಾರ ಬರಲಾ?

ನಿನ್ನ ಮಗಳು


ಡಿಸೆಂಬರ್ 26

ಮಗಳೇ,

ನಿನ್ನ ಕಾಗದ ಓದಿದೆ. ತಪ್ಪನ್ನೆಲ್ಲ ಒಬ್ಬಳೇ ಹೊತ್ತುಕೊಳ್ಳಲು ಹೊರಟಿದ್ದೀಯ. ಅದರಲ್ಲಿ ನನ್ನ ಪಾಲಿದೆ, ಅದನ್ನು ನನಗೆ ಬಿಡು.

ಕಳೆದ ವರ್ಷ ಡಿಸೆಂಬರಿನಲ್ಲಿ, ಅವಳು ಬೆಳಿಗ್ಗೆ ನನ್ನನ್ನು ಎತ್ತಿ ಕುರ್ಚಿಗೆ ಕೂರಿಸಿ ತಿರುಗಿದಾಗ ಅವಳ ಬಟ್ಟೆಯ ಹಿಂದೆ ರಕ್ತ ನೋಡಿದೆ. ‘ಏನೇ ಅದು?’ ಅಂದೆ. ‘ಕತ್ತರಿ ತಾಗಿತು’ ಅಂದಳು. ಹಿಂದೆ ತಾಗುವ ಕತ್ತರಿ ಯಾವುದು? ನಾನೂ ಹೆಂಗಸು, ನನಗೆ ತಿಳಿಯುವುದಿಲ್ಲವಾ? ಆಮೇಲೆ ಇನ್ನೂ ನಾಲ್ಕಾರು ಸಲ ನೋಡಿದೆ. ಫೆಬ್ರವರಿಯ ಹೊತ್ತಿಗೆ ಎತ್ತುವಾಗ ಅವಳ ತೋಳು ನಡುಗುತ್ತಿತ್ತು. ‘ವಯಸ್ಸಾಯ್ತು ನಿಂಗೆ’ ಅಂತ ನಕ್ಕೆ.

ನಾನು ಒಂದು ಸಲ ಗಟ್ಟಿಯಾಗಿ ಕೂಗಿದ್ದರೆ, ಪಕ್ಕದ ಮನೆಯವರನ್ನು ಕರೆದಿದ್ದರೆ, ನಿನಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಅವಳು ಮಲಗಿದರೆ ನನ್ನನ್ನು ಎತ್ತುವವರು ಯಾರು ಅಂತ ಹೆದರಿದೆ. ಅಷ್ಟೇ ಮಗಳೇ. ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಇದನ್ನು ಓದಿದ ಮೇಲೂ ಬರಬೇಕು ಅನ್ನಿಸಿದರೆ ಬಾ. ಮನೆಗೆ ವಾಪಸು ಹೋಗುವ ಮಾತು ಆಡಬೇಡ. ನಿನ್ನ ಕೆಲಸ ಬಿಡಬೇಡ. ಇಲ್ಲಿ ಎತ್ತಲು ಇಬ್ಬರು ಗಟ್ಟಿ ಹೆಂಗಸರಿದ್ದಾರೆ, ಕಂಕುಳಲ್ಲೇ ಕೈ ಹಾಕುತ್ತಾರೆ, ನೋಯುತ್ತದೆ, ನೋಯಲಿ. ನೀನು ಎದುರು ಕುರ್ಚಿ ಹಾಕಿಕೊಂಡು ಕೂತು ಮಾತಾಡು, ನನ್ನನ್ನು ಬೈಯಬೇಕು ಅನ್ನಿಸಿದರೆ ಬೈ. ಎತ್ತಲು ಮಾತ್ರ ಬರಬೇಡ. ನಿನ್ನ ಕೈ ಥೇಟ್ ಅವಳ ಕೈ. ಬೆನ್ನ ಹಿಂದೆ ಅದು ಬಂದರೆ ನಾನು ತಡೆಯಲಾರೆ.

ಚಿಕ್ಕಮ್ಮ